ಹೋಗಿ ಬರುತ್ತೇನೆ

ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದು ಕನ್ನಡಿಗರ ವಾಡಿಕೆಯಲ್ಲ. ಬಾಯಿತಪ್ಪಿ ಯಾರಾದರೂ ಹಾಗೆಂದರೆ ನಡುಮನೆಯಲ್ಲಿ ಕುಳಿತ ಅಜ್ಜಿ ಅಲ್ಲಿಂದಲೇ ತಿದ್ದುತ್ತಾರೆ: “ಹೋಗ್ತೀನಿ ಅನ್ನಬಾರದಪ್ಪ, ಹೋಗಿ ಬರ್ತೀನಿ ಅನ್ನು.” ತರಕಾರಿ ತರಲು ಹೊರಟವನಿಗೂ ತಿಂಗಳುಗಟ್ಟಲೆ ಪರದೇಶಕ್ಕೆ ಹೊರಟವನಿಗೂ ಇದೊಂದೇ ಕಟ್ಟಳೆ. ಹೋಗುವ ಮಾತಿನ ಬೆನ್ನಿಗೇ ಬರುವ ಮಾತನ್ನೂ ಆಡಿಬಿಟ್ಟರೆ ಹಿಂದಿರುಗುವ ಕೆಲಸ ಅರ್ಧ ಮುಗಿದಂತೆಯೇ ಎಂಬುದು ಹಿರಿಯರ ನಂಬಿಕೆ.

ಹಾಗೆ ಹೋಗಿ ಬಾರದೆ ಉಳಿದವರೊಬ್ಬರ ಗುರುತು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ. ಅಲ್ಲಿಯ ಹಳೆಯ ಕಲ್ಲಿನ ಕಟ್ಟಡವೊಂದನ್ನು 2015ರಲ್ಲಿ ಕೆಂಪೇಗೌಡರ ಸಮಾಧಿಯೆಂದು ಇತಿಹಾಸಾಸಕ್ತರು ಗುರುತಿಸಿದರು. ಕುಣಿಗಲಿನಿಂದ ಹಿಂದಿರುಗಿ ಬರುವಾಗ ಗೌಡರು ಇಲ್ಲಿ ತೀರಿಕೊಂಡರೆಂದು ಅಲ್ಲಿಯ ಕಲ್ಲಿನ ಬರಹವನ್ನು ಆಧಾರವಾಗಿಟ್ಟುಕೊಂಡು ಹೇಳುತ್ತಾರೆ. ಕುಣಿಗಲಿಗೂ ಮಾಗಡಿಗೂ ನಡುವಣ ಹಾದಿ ಮಹಾ ದೂರವೇನಲ್ಲ. ಹೋದವರು ತಮ್ಮದೇ ನಾಡಿನಲ್ಲಿ ಓಡಾಡುತ್ತಿದ್ದವರು. ಆದರೂ ಮನೆ ಮುಟ್ಟಲಿಲ್ಲ. ಅವರ ಹೆಸರನ್ನೇ 2013ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಇಟ್ಟರು. 2022ರ ನವೆಂಬರಿನಲ್ಲಿ ಅದರ ಆವರಣದಲ್ಲಿ 108 ಅಡಿ ಎತ್ತರದ ಪ್ರತಿಮೆಯೂ ಅನಾವರಣಗೊಂಡಿತು. ಇಂದು ಕನ್ನಡ ನಾಡಿನಿಂದ ಪರದೇಶಕ್ಕೆ ಹೊರಡುವವರಲ್ಲಿ ಬಹುಮಂದಿ ‘ಹೋಗಿ ಬರುತ್ತೇನೆ’ ಎಂದು ಕೈಬೀಸುವುದು ಈ ಕೆಂಪೇಗೌಡರ ಸನ್ನಿಧಿಯಲ್ಲಿಯೇ.

ಆ ಮಾತಿನ ಪೂರ್ವಾರ್ಧವನ್ನು ಎಲ್ಲರೂ ಧೈರ್ಯವಾಗಿ ಹೇಳಬಲ್ಲರು. ಉತ್ತರಾರ್ಧವನ್ನು ಹೇಳುವ ಅಧಿಕಾರ ತಮ್ಮ ಕೈಯಲ್ಲಿಲ್ಲದವರೂ ಅಲ್ಲಿಯ ಸಾಲಿನಲ್ಲಿ ನಿಂತಿರುತ್ತಾರೆ. ಅಂಥವರನ್ನು ಗುರುತಿಸಬೇಕಾದರೆ ಮುಖವನ್ನಲ್ಲ, ಕೈಯಲ್ಲಿರುವ ಪುಸ್ತಕವನ್ನು ನೋಡಬೇಕು. ಹೆಚ್ಚಿನವರದು ಕಡುನೀಲಿ ಹೊದಿಕೆಯ ಭಾರತದ ಪಾಸ್‌ಪೋರ್ಟು. ಹಳಬರ ಮಾತಿನಲ್ಲಿ ರಹದಾರಿ. ನಡುವೆ ಒಬ್ಬಿಬ್ಬರ ಕೈಯಲ್ಲಿ ಹಳದಿ ಹೊದಿಕೆಯ ಪುಸ್ತಕ ಕಾಣುವುದುಂಟು. ಅದನ್ನು ಹಿಡಿದವನು ಹಿಂದಿನ ರಾತ್ರಿ ಬೈಲಕುಪ್ಪೆಯಲ್ಲಿ ಬಸ್ಸು ಹತ್ತಿ, ಹುಣಸೂರು ಮೈಸೂರುಗಳನ್ನು ದಾಟಿ, ಚನ್ನಪಟ್ಟಣದ ಗೊಂಬೆಯಂಗಡಿಗಳೂ ರಾಮನಗರದ ಬಂಡೆಗಳೂ ಕತ್ತಲಲ್ಲಿ ಹಿಂದೆ ಸರಿಯುತ್ತಿರಲು ತೂಕಡಿಸುತ್ತ ಬಂದಿರಬಹುದು. ಒಡೆಯರಪಾಳ್ಯದ ಕಡೆಯವನಾದರೆ ಕೊಳ್ಳೇಗಾಲ, ಮಳವಳ್ಳಿ, ಕನಕಪುರಗಳ ದಾರಿ ಹಿಡಿದಿರುತ್ತಾನೆ. ಹುಟ್ಟಿದ್ದು ಈ ನಾಡಿನಲ್ಲಿ, ಸಂತೆಯಲ್ಲಿ ಚೌಕಾಸಿ ಮಾಡುವುದು ಕನ್ನಡದಲ್ಲಿ. ಕಾನೂನಿನ ಕಣ್ಣಿಗೆ ಮಾತ್ರ ಆತ ವಿದೇಶೀಯ. ಇಲ್ಲಿ ನೆಲೆಸಿರಲು ಅಪ್ಪಣೆ ಪಡೆದ ವಿದೇಶೀಯ.

1959ರಲ್ಲಿ ದಲೈಲಾಮಾ ಅವರ ಹಿಂದೆಯೇ ಟಿಬೆಟ್ಟನ್ನು ತೊರೆದು ಬಂದವರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ 1960ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುನೆಲವನ್ನು ಬಿಟ್ಟುಕೊಟ್ಟಿತು. ಹಿಮದ ನಾಡಿನಿಂದ ಬಂದವರು ಮೈಸೂರಿನ ಬಿಸಿಲಿನಲ್ಲಿ ಕಾಡು ಕಡಿದು, ಆನೆಗಳ ಕಾಟವನ್ನು ಸಹಿಸಿ ಮುಸುಕಿನ ಜೋಳ ಬೆಳೆದರು. ಅನಂತರ ಮುಂಡಗೋಡಿನಲ್ಲಿ, ಹುಣಸೂರಿನ ಗುರುಪುರದಲ್ಲಿ, ಒಡೆಯರಪಾಳ್ಯದಲ್ಲಿ ಇನ್ನಷ್ಟು ವಸತಿಗಳಾದವು. ಚಳಿಗಾಲ ಬಂತೆಂದರೆ ಬೆಂಗಳೂರಿನ ಬೀದಿಬದಿಯಲ್ಲಿ ಉಣ್ಣೆಯ ಅಂಗಿ ಮಾರುವವರು ಇದೇ ವಸತಿಗಳ ಜನ. ಇಷ್ಟೆಲ್ಲ ಆಗಿ ಮೂರನೆಯ ತಲೆಮಾರು ಬೆಳೆದು ನಿಂತರೂ ಅವರ ಇರವಿಗೆ ಆಧಾರ ಒಂದು ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ಹೊಸದು ಮಾಡಿಸಿಕೊಳ್ಳಬೇಕು. 1946ರ ವಿದೇಶೀಯರ ಕಾನೂನು ಅವರಿಗೆ ದಶಕಗಟ್ಟಲೆ ಅನ್ವಯಿಸುತ್ತಿತ್ತು. 2025ರ ಸೆಪ್ಟೆಂಬರಿನಿಂದ ಅದರ ಜಾಗದಲ್ಲಿ ಹೊಸ ಕಾನೂನು ಬಂದಿದೆ.

ಇಂಥವನು ಪರದೇಶಕ್ಕೆ ಹೋಗುವುದು ಹೇಗೆ? ಹೋಗುವ ಕಾರಣಗಳಿಗೇನೂ ಕೊರತೆಯಿಲ್ಲ. ಮಠದ ಗುರುಗಳಿಗೆ ಯುರೋಪಿನಿಂದ, ತೈವಾನಿನಿಂದ ಬೋಧನೆಗೆ ಕರೆ ಬರುತ್ತದೆ. ಸ್ವಿಟ್ಸರ್ಲೆಂಡು 1960ರ ದಶಕದಲ್ಲಿಯೇ ಟಿಬೆಟನ್ನರನ್ನು ಕರೆಸಿಕೊಂಡಿತು. ಅಮೆರಿಕ 1990ರ ಕಾನೂನಿನಲ್ಲಿ ಭಾರತ ಮತ್ತು ನೇಪಾಳಗಳಲ್ಲಿದ್ದ ಟಿಬೆಟನ್ನರಿಗೆಂದೇ 1000 ವೀಸಾಗಳನ್ನು ತೆಗೆದಿರಿಸಿತು. ಹೀಗೆ ಅಣ್ಣ ಒಂದು ಖಂಡದಲ್ಲಿ, ತಂಗಿ ಇನ್ನೊಂದು ಖಂಡದಲ್ಲಿ, ತಾಯಿ ಬೈಲಕುಪ್ಪೆಯಲ್ಲಿ.

ಭಾರತದ ಪಾಸ್‌ಪೋರ್ಟು ಭಾರತದ ಪೌರನಿಗೆ. ಆದರೆ 1967ರ ಪಾಸ್‌ಪೋರ್ಟ್ ಕಾನೂನಿನಲ್ಲಿಯೇ ಪೌರನಲ್ಲದವನಿಗೂ ಪ್ರಯಾಣದ ದಾಖಲೆ ಕೊಡಲು ಎಡೆಯಿದೆ. ಹಳದಿ ಪುಸ್ತಕ ಅಂಥದು. ಅದರ ಹೆಸರು ಗುರುತಿನ ಪ್ರಮಾಣಪತ್ರ. ಈತ ಇಂಥವನು ಎಂದು ಅದು ಹೇಳುತ್ತದೆ. ಈತ ನಮ್ಮವನು ಎಂದು ಹೇಳುವುದಿಲ್ಲ. ಎರಡಕ್ಕೂ ಇರುವ ಅಂತರ ಗಡಿಯಲ್ಲಿ ನಿಂತಾಗಲೇ ಗೊತ್ತಾಗುವುದು.

ಅದೇ 1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಪರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಗಿದೆಯೆಂದು ತೀರ್ಪಿತ್ತಿತು. ಆ ವಿಧಿಯಲ್ಲಿರುವ ಮಾತು ‘ವ್ಯಕ್ತಿ’ ಎಂದು, ‘ಪೌರ’ ಎಂದಲ್ಲ. ಆದುದರಿಂದ ಹೋಗುವುದಕ್ಕೆ ವಿದೇಶೀಯನಿಗೂ ಸಂವಿಧಾನದ ಒತ್ತಾಸೆಯುಂಟು. ಬಂದು ನೆಲೆಸುವುದಕ್ಕೆ? ಅದು 19ನೆಯ ವಿಧಿಯ ಮಾತು. ಅಲ್ಲಿ ‘ಪೌರ’ ಎಂದೇ ಇದೆ. 1937ರಿಂದ ಭಾರತದಲ್ಲಿದ್ದ ಬೆಲ್ಜಿಯಮಿನ ಪಾದ್ರಿಯೊಬ್ಬರು ಇಲ್ಲಿಯೇ ಉಳಿಯಲು ಹಕ್ಕಿದೆಯೆಂದು ವಾದಿಸಿದಾಗ 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೊಪ್ಪಲಿಲ್ಲ. ಅಜ್ಜಿ ಒಂದೇ ಉಸಿರಿನಲ್ಲಿ ಹೇಳಿಸುವ ಎರಡು ಮಾತುಗಳನ್ನು ಕಾನೂನು ಎರಡು ಬೇರೆ ಪುಟಗಳಲ್ಲಿ ಬರೆದಿದೆ.

ಹಳದಿ ಪುಸ್ತಕದ ಒಳಗೆ ಹಿಂದೆ ಒಂದು ಮುದ್ರೆ ಬೀಳಬೇಕಾಗಿತ್ತು. ‘ಭಾರತಕ್ಕೆ ಹಿಂದಿರುಗಲು ಆಕ್ಷೇಪಣೆ ಇಲ್ಲ’ ಎಂಬುದು ಅದರ ಒಕ್ಕಣೆ. ಮರಳಿ ಬಾ ಎಂದಲ್ಲ. ಬಂದರೆ ತಕರಾರಿಲ್ಲ ಎಂದು. ಸರ್ಕಾರದ ಭಾಷೆಯಲ್ಲಿ ಅಕ್ಕರೆಯನ್ನು ಹುಡುಕಬಾರದು, ನಿಜ. ಆದರೂ ಈ ಮಾತನ್ನು ಓದಿದಾಗ ಯಾರ ಮನಸ್ಸಿಗಾದರೂ ಚುರುಕ್ಕೆನ್ನದೆ ಇರದು. ಈಗಿನ ಕ್ರಮದಲ್ಲಿ ಹೊರಡಲು ನಿರ್ಗಮನದ ಅನುಮತಿ, ಮರಳಲು ವೀಸಾ ಬೇಕು. ಹೋಗುವ ದೇಶದ ವೀಸಾ ಇವುಗಳ ಜೊತೆಗೆ. ಆ ದೇಶದ ದೂತಾವಾಸದವರಾದರೂ ಮೊದಲು ನೋಡುವುದೇನನ್ನು? ಈತ ಬಂದಮೇಲೆ ವಾಪಸು ಹೋಗಲು ಇವನಿಗೊಂದು ಜಾಗ ಉಂಟೇ ಎಂಬುದನ್ನು. ಮರಳುವ ದಾರಿ ಭದ್ರವಿಲ್ಲದವನಿಗೆ ಹೋಗುವ ಬಾಗಿಲೂ ಸುಲಭವಾಗಿ ತೆರೆಯದು.

ಈ ತೊಡಕು ಭಾರತದಲ್ಲೇ ಹುಟ್ಟಿದ್ದಲ್ಲ. ಮೊದಲನೆಯ ಮಹಾಯುದ್ಧವೂ ರಷ್ಯದ ಕ್ರಾಂತಿಯೂ ಮುಗಿಯುವ ಹೊತ್ತಿಗೆ ಲಕ್ಷಾಂತರ ಜನ ನಾಡಿಲ್ಲದವರಾಗಿದ್ದರು. ಅವರಿಗಾಗಿ 1922ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಒಂದು ಪತ್ರವನ್ನು ಜಾರಿಗೆ ತಂದರು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಇದನ್ನು ಹಿಡಿದು ಓಡಾಡಿದವರೇ. ಆದರೆ ಮೊದಲ ವರ್ಷಗಳ ಆ ಪತ್ರದಲ್ಲೂ ಕೊಟ್ಟ ದೇಶಕ್ಕೆ ಹಿಂದಿರುಗುವ ಹಕ್ಕು ಸೇರಿರಲಿಲ್ಲ. 1926ರ ಒಪ್ಪಂದದ ನಂತರವೇ ಮರಳುವ ವೀಸಾದ ಮಾತು ಬಂತು. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ, ಪ್ರಯಾಣಪತ್ರ ಕೊಟ್ಟ ದೇಶ ಅದರ ಅವಧಿಯೊಳಗೆ ಆತನನ್ನು ಮರಳಿ ಸೇರಿಸಿಕೊಳ್ಳಬೇಕೆಂಬ ಕರಾರು ಬರೆಯಲ್ಪಟ್ಟಿತು. ಆ ಒಡಂಬಡಿಕೆಗೆ ಭಾರತ ಸಹಿ ಮಾಡಿಲ್ಲ.

ಬೈಲಕುಪ್ಪೆಯ ತರುಣ ಭಾರತದ ಪೌರನೇ ಆಗಿಬಿಡಬಾರದೇಕೆ ಎಂದು ಕೇಳಬಹುದು. ಕೆಲವರ ಮಟ್ಟಿಗೆ ಆತ ಹುಟ್ಟುವಾಗಲೇ ಪೌರನಾಗಿದ್ದಾನೆ ಎಂಬುದು ಈ ಕಥೆಯ ವಿಚಿತ್ರ. ಪೌರತ್ವದ ಕಾನೂನಿನಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನ ತನಕ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ತಂದೆತಾಯಿ ಯಾರೆಂದು ಕೇಳುವಂತಿಲ್ಲ. 1986ರಲ್ಲಿ ಕಾಂಗ್ರಾದಲ್ಲಿ ಹುಟ್ಟಿದ ನಮ್‌ಗ್ಯಾಲ್ ದೋಲ್ಕರ್ ಎಂಬ ಟಿಬೆಟನ್ ಯುವತಿ ಇದೇ ಆಧಾರದ ಮೇಲೆ ಪಾಸ್‌ಪೋರ್ಟು ಕೇಳಿ, ಸಿಕ್ಕದೆ, ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. 2010ರ ಡಿಸೆಂಬರಿನಲ್ಲಿ ಅವರು ಗೆದ್ದರು. 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಇನ್ನೊಂದು ಮೊಕದ್ದಮೆಯಲ್ಲಿ ಅದೇ ದಾರಿ ಹಿಡಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಕಚೇರಿಗಳು ಮತ್ತೂ ಹಿಂದುಮುಂದು ನೋಡಿದವು. 2016ರಲ್ಲಿ ದೆಹಲಿಯಲ್ಲಿ ಮತ್ತೆ ತೀರ್ಪಾಗಿ, 2017ರ ಮಾರ್ಚಿನಲ್ಲಿ ವಿದೇಶಾಂಗ ಇಲಾಖೆ ಪಾಸ್‌ಪೋರ್ಟು ಕೊಡುವಂತೆ ಕಚೇರಿಗಳಿಗೆ ಬರೆಯಿತು. ಆದರೆ ಕೆಲವು ತಿಂಗಳಲ್ಲಿ ಷರತ್ತುಗಳೂ ಬಂದವು: ನೋಂದಣಿ ಪತ್ರವನ್ನೂ ಹಳದಿ ಪುಸ್ತಕವನ್ನೂ ಒಪ್ಪಿಸಬೇಕು, ಟಿಬೆಟನ್ನರಿಗೆಂದು ಗೊತ್ತುಮಾಡಿದ ವಸತಿಯಲ್ಲಿ ಇರಬಾರದು. ನೀಲಿ ಪುಸ್ತಕ ಕೈಗೆ ಬಂದರೆ ಹಿಂದಿರುಗುವ ಹಕ್ಕೇನೋ ಸಿದ್ಧಿಸುತ್ತದೆ. ಹಿಂದಿರುಗಬೇಕಾದ ಮನೆಯೇ ಕೈತಪ್ಪುತ್ತದೆ. ಇನ್ನು ನಾಡಿಲ್ಲದೆ ಉಳಿದರೂ ಟಿಬೆಟನ್ನನಾಗಿಯೇ ಉಳಿಯುತ್ತೇನೆಂದು ಹಟ ಹಿಡಿದವರೂ ಅವರಲ್ಲಿದ್ದಾರೆ. ಅದನ್ನು ಮೂರ್ಖತನವೆನ್ನಲು ಇತರರಿಗೆ ಅಧಿಕಾರವಿಲ್ಲ.

ಪಾಪ, ಬೈಲಕುಪ್ಪೆಯವರ ಪಾಡು ಎಂದು ಮರುಗಿ ಪುಟ ತಿರುವುವ ಮುನ್ನ ಬೆಂಗಳೂರಿನ ಓದುಗರು ತಮ್ಮ ಮನೆಯ ಗೋಡೆಯ ಮೇಲಿನ ಪಟಗಳತ್ತ ಒಮ್ಮೆ ನೋಡಬಹುದು. ಹಿಮ ಬಿದ್ದ ಅಂಗಳದಲ್ಲಿ ಮಗ, ಸೊಸೆ, ಮೊಮ್ಮಗು ನಿಂತ ಪಟವಿಲ್ಲದ ಮನೆ ಈಗ ಎಷ್ಟಿವೆ? ಆ ಮಗನೂ ಒಂದು ನಾಡಿನಲ್ಲಿ ನೆಲೆಸಲು ಅಪ್ಪಣೆ ಪಡೆದ ವಿದೇಶೀಯನೇ. ಕೈಯಲ್ಲಿ ಭಾರತದ ನೀಲಿ ಪುಸ್ತಕ. ಜೇಬಿನಲ್ಲಿ ಅಮೆರಿಕದ ಹಸಿರು ಕಾರ್ಡು, ಅರ್ಥಾತ್ ಖಾಯಂ ನಿವಾಸದ ಗುರುತುಚೀಟಿ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಚೀಟಿಯನ್ನು ಬದಲಾಯಿಸಿಕೊಂಡರೆ ಸರಿ, ನಿವಾಸದ ಹಕ್ಕಿಗೆ ಮುಗಿತಾಯವಿಲ್ಲ ಎಂದು ಮನೆಮಂದಿ ನೆಮ್ಮದಿಯಿಂದಿರುತ್ತಾರೆ. ‘ಖಾಯಂ’ ಎಂಬ ಆ ಮಾತಿಗೆ ಅಮೆರಿಕದ ಒಳಗೆ ಇರುವ ಅರ್ಥವೇ ಬೇರೆ, ಹೊರಗೆ ಕಾಲಿಟ್ಟಮೇಲೆ ಇರುವ ಅರ್ಥವೇ ಬೇರೆ.

ಇಂಥ ಪ್ರಸಂಗವನ್ನು ಊಹಿಸಿಕೊಳ್ಳಿ. ನಡುರಾತ್ರಿ ಟೆಲಿಫೋನು ಬರುತ್ತದೆ. ತಾಯಿ ಹಾಸಿಗೆ ಹಿಡಿದಿದ್ದಾರೆ. ಮಗ ಕೈಗೆ ಸಿಕ್ಕ ಬಟ್ಟೆ ತುಂಬಿಕೊಂಡು ವಿಮಾನ ಹತ್ತುತ್ತಾನೆ. ಹದಿನೈದು ದಿನವೆಂದು ಬಂದವನು ತಿಂಗಳು ನಿಲ್ಲುತ್ತಾನೆ, ಎರಡು ತಿಂಗಳು ನಿಲ್ಲುತ್ತಾನೆ. ತಾಯಿಗೆ ಇಂದು ಕೊಂಚ ವಾಸಿ, ನಾಳೆ ಮತ್ತೆ ಜ್ವರ. ಅತ್ತ ದಿನಗಳ ಲೆಕ್ಕ ಓಡುತ್ತಿರುತ್ತದೆ. 180 ದಿನ ಮೀರಿದರೆ ಮರಳಿದಾಗ ಆತ ಹೊಸದಾಗಿ ಪ್ರವೇಶ ಕೋರುವವನಂತೆ ವಿಚಾರಣೆಗೆ ಒಳಗಾಗಬಹುದು. ನಿನ್ನ ಮನೆ ಎಲ್ಲಿ, ಕೆಲಸ ಎಲ್ಲಿ, ತೆರಿಗೆ ಕಟ್ಟಿದೆಯಾ ಎಂಬ ಪ್ರಶ್ನೆಗಳು. ಮುಂದೆ ಪೌರತ್ವ ಬೇಡುವಾಗಲೂ ಈ ದೀರ್ಘ ಗೈರುಹಾಜರಿ ಎದುರು ನಿಲ್ಲುತ್ತದೆ. ಒಂದು ವರ್ಷ ತುಂಬಿದರೆ ಕಾರ್ಡು ಒಂದನ್ನೇ ತೋರಿಸಿ ಒಳಗೆ ಹೋಗುವಂತಿಲ್ಲ.

ಅದಕ್ಕೆ ಪರಿಹಾರವಿಲ್ಲವೆಂದಲ್ಲ. ಸಾಮಾನ್ಯವಾಗಿ ಎರಡು ವರ್ಷದವರೆಗೆ ನಡೆಯುವ ಮರುಪ್ರವೇಶದ ಪರವಾನಗಿಯನ್ನು ಮೊದಲೇ ಪಡೆಯಬಹುದು. ಆದರೆ ಅದಕ್ಕೆ ಅರ್ಜಿ ಹಾಕುವಾಗ ಅರ್ಜಿದಾರ ಅಮೆರಿಕದ ನೆಲದಲ್ಲೇ ಇರಬೇಕು. ತಾಯಿಗೆ ಹುಷಾರಿಲ್ಲವೆಂದು ಕೇಳಿ ಓಡಿಬರುವವನು ಮೊದಲು ಕುಳಿತು ಅರ್ಜಿ ತುಂಬಿಯಾನೇ? ವರ್ಷ ಮೀರಿ ಸಿಕ್ಕಿಬಿದ್ದವನು ಅಮೆರಿಕದ ದೂತಾವಾಸಕ್ಕೆ ಹೋಗಿ, ತಡವಾದದ್ದು ತನ್ನ ಕೈಮೀರಿದ ಕಾರಣದಿಂದ, ಮರಳುವ ಮನಸ್ಸು ಮೊದಲಿನಿಂದಲೂ ಇತ್ತು ಎಂದು ಸಿದ್ಧಪಡಿಸಿ ವಿಶೇಷ ವೀಸಾ ಪಡೆಯಬೇಕು. ಆಸ್ಪತ್ರೆಯ ಚೀಟಿಗಳನ್ನು ಎತ್ತಿಡಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿ. ತಾಯಿಯ ಹಾಸಿಗೆಯ ಬಳಿ ಕುಳಿತ ಮಗ ಅಂಥ ಚೀಟಿಗಳನ್ನು ಜೋಪಾನ ಮಾಡುವುದನ್ನು ನೋಡಿ, ಇವನಿಗೆ ಲೆಕ್ಕವೇ ಹೆಚ್ಚಾಯಿತೆಂದು ನೆಂಟರು ಆಡಿಕೊಂಡರೆ, ಅದು ಅವರ ಅಜ್ಞಾನ.

ಮೂರನೆಯ ದೇಶಕ್ಕೆ ಹೋಗುವಾಗ ಇನ್ನೊಂದು ಬಗೆ. ಹಸಿರು ಕಾರ್ಡಿದ್ದರೆ ಲೋಕವೆಲ್ಲ ತೆರೆದಂತೆ ಎಂಬ ಭ್ರಮೆ ಹಲವರಿಗಿದೆ. ನೆರೆಯ ಕೆನಡಾ, ಮೆಕ್ಸಿಕೋಗಳು ಆ ಕಾರ್ಡನ್ನು ಮನ್ನಿಸಿ ಭಾರತೀಯನಿಗೂ ವೀಸಾ ಕೇಳುವುದಿಲ್ಲ, ನಿಜ. ಆದರೆ ಇಂಗ್ಲೆಂಡಿನಲ್ಲೋ ಫ್ರಾನ್ಸಿನಲ್ಲೋ ನಾಲ್ಕು ದಿನ ಸುತ್ತಾಡಲು ಅವನು ಬೆಂಗಳೂರಿನ ನೆರೆಮನೆಯವನಂತೆಯೇ ವೀಸಾ ಪಡೆಯಬೇಕು. ಅಲ್ಲಿ ಪಾಸ್‌ಪೋರ್ಟು ಕಳೆದುಹೋದರೆ ಓಡಬೇಕಾದದ್ದು ಭಾರತದ ದೂತಾವಾಸಕ್ಕೆ. ಕಾರ್ಡು ಕಳೆದುಹೋದರೆ ಅಮೆರಿಕದ ದೂತಾವಾಸಕ್ಕೆ. ಎರಡೂ ಒಂದೇ ಚೀಲದಲ್ಲಿದ್ದು ಚೀಲವೇ ಹೋದರೆ ಎರಡೂ ಬಾಗಿಲು. ಆ ಎರಡನ್ನು ಬೇರೆ ಬೇರೆ ಜೇಬಿನಲ್ಲಿಡುವ ಗೃಹಿಣಿಯ ಜಾಣತನಕ್ಕೆ ಕಾರಣವಿಲ್ಲದಿಲ್ಲ.

ಮರಳುವ ಬಾಗಿಲು ಏಕಾಏಕಿ ಮುಚ್ಚಿದ ದಿನಗಳೂ ಬಂದು ಹೋಗಿವೆ. 2017ರ ಜನವರಿ 27ರಂದು ಅಮೆರಿಕದ ಅಧ್ಯಕ್ಷರು ಏಳು ದೇಶಗಳ ಜನರಿಗೆ ಪ್ರವೇಶ ತಡೆದಾಗ, ಆ ದೇಶಗಳ ಪಾಸ್‌ಪೋರ್ಟುಳ್ಳ ಖಾಯಂ ನಿವಾಸಿಗಳು ಕೂಡ ವಿಮಾನ ನಿಲ್ದಾಣಗಳಲ್ಲಿ ತಡೆಯಲ್ಪಟ್ಟರು. ಕೆಲವೇ ದಿನಗಳಲ್ಲಿ ಅವರಿಗೆ ಆ ಆಜ್ಞೆ ಅನ್ವಯಿಸದೆಂಬ ವಿವರಣೆ ಹೊರಬಂತು. ಅದಕ್ಕೆ ಮೊದಲು ವಿಮಾನ ಹತ್ತಿದವರ ಪಾಡು ಅವರಿಗೇ ಗೊತ್ತು. ಭಾರತ ಆ ಏಳರಲ್ಲಿರಲಿಲ್ಲವಾಗಿ ಇಲ್ಲಿಯ ಮನೆಗಳಲ್ಲಿ ಅದು ಪತ್ರಿಕೆಯ ಸುದ್ದಿಯಾಗಿಯೇ ಮುಗಿಯಿತು.

2020ರ ಮಾರ್ಚ್ 13 ಹಾಗೆ ಮುಗಿಯಲಿಲ್ಲ. ಅಲ್ಲಿಯ ಪೌರರಾದ ಭಾರತೀಯ ಮೂಲದವರಿಗೆ, ಅಲ್ಲಿ ಹುಟ್ಟಿದ ಮಕ್ಕಳಿಗೆ, ಭಾರತ ಕೊಡುವ ಚೀಟಿಯ ಹೆಸರು ‘ಸಾಗರೋತ್ತರ ಭಾರತೀಯ ಪೌರ’. ಹೆಸರಿನಲ್ಲಿ ಪೌರನಿದ್ದರೂ ಹಿಡಿದವನು ವಿದೇಶೀಯನೇ; 2021ರ ಮಾರ್ಚಿನಲ್ಲಿ ಗೃಹ ಇಲಾಖೆಯ ಪ್ರಕಟಣೆ ಇದನ್ನು ಬಿಡಿಸಿ ಹೇಳಿತು. ಅವನಿಗೆ ಮತವಿಲ್ಲ, ಮಾಗಡಿಯ ಕಡೆ ಹೊಲ ಕೊಳ್ಳುವಂತಿಲ್ಲ, ಆದರೆ ಬದುಕಿರುವವರೆಗೆ ಬಂದುಹೋಗಲು ವೀಸಾ ಬೇಡ. ಸಾಂಕ್ರಾಮಿಕದ ಆ ದಿನ ಈ ಸೌಕರ್ಯವನ್ನೇ ಅಮಾನತಿನಲ್ಲಿಟ್ಟರು. ಮೇ ತಿಂಗಳಲ್ಲಿ ಹೊರನಾಡಿನಲ್ಲಿ ಸಿಲುಕಿದವರನ್ನು ಕರೆತರಲು ವಿಶೇಷ ವಿಮಾನಗಳು ಹೊರಟಾಗ ನೀಲಿ ಪುಸ್ತಕದ ತಂದೆತಾಯಿಗೆ ಹತ್ತಲು ಅಪ್ಪಣೆಯಿತ್ತು. ಅವರ ಕಂಕುಳಲ್ಲಿದ್ದ, ಅಮೆರಿಕದಲ್ಲಿ ಹುಟ್ಟಿದ ಕೂಸಿಗೆ ಇರಲಿಲ್ಲ. ಮೇ 22ರಂದು ಅಂಥ ಮಕ್ಕಳಿಗೂ, ಮನೆಯಲ್ಲಿ ಸಾವಿನಂಥ ಸಂಕಟ ಒದಗಿದವರಿಗೂ ವಿನಾಯಿತಿ ದೊರೆಯಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಅಂತ್ಯಕ್ರಿಯೆಯನ್ನು ಮಗ ಟೆಲಿಫೋನಿನ ಗಾಜಿನೊಳಗಿಂದ ನೋಡಿದನೋ!

ಆ ಕೂಸು ಈಗ ಬೆಂಗಳೂರಿನಲ್ಲೇ ಶಾಲೆಗೆ ಹೋಗುತ್ತಿರಬಹುದು. ಬೇಸಿಗೆಯ ರಜೆಯಲ್ಲಿ ಮನೆಮಂದಿಯೆಲ್ಲ ಪಶುಪತಿನಾಥನ ದರ್ಶನಕ್ಕೆ ಕಾಠ್ಮಂಡುವಿಗೆ ಹೊರಟರೆನ್ನಿ. ಅಜ್ಜಿ ಮತದಾರರ ಗುರುತುಚೀಟಿ ತೋರಿಸಿ ಒಳಗೆ ಹೋಗುತ್ತಾರೆ. ಭಾರತೀಯರಿಗೆ ನೇಪಾಳದಲ್ಲಿ ವೀಸಾ ಇಲ್ಲ. ಮೊಮ್ಮಗುವಿಗೆ ಮಾತ್ರ ಅಲ್ಲಿಳಿದು ವೀಸಾ ಮಾಡಿಸಬೇಕು. ಅಜ್ಜಿ ಬೆರಳು ಹಿಡಿದುಕೊಂಡು ಬಂದ ಮಗು ಅದೊಂದು ಗಳಿಗೆ ಬೇರೆ ಸಾಲಿಗೆ ಹೋಗಿ ನಿಲ್ಲುತ್ತದೆ.

ಟಿಬೆಟನ್ನರಲ್ಲಿ ಹೊರಡುವವನಿಗೆ ಮನೆಯಲ್ಲಿ ಉಳಿಯುವವರು ‘ಕಲೇ ಫೇ’ ಎನ್ನುತ್ತಾರೆ. ನಿಧಾನವಾಗಿ ಹೋಗು ಎಂದು ಅದರ ಅರ್ಥ. ಹೊರಡುವವನು ಉಳಿದವರಿಗೆ ‘ಕಲೇ ಶು’ ಎನ್ನುತ್ತಾನೆ. ನಿಧಾನವಾಗಿ ಇರು ಎಂದು. ಬರುವ ಮಾತು ಅದರಲ್ಲಿಲ್ಲ. ಬೈಲಕುಪ್ಪೆಯಲ್ಲಿ ಬೆಳೆದವನಿಗೆ ಎರಡು ಭಾಷೆಯೂ ಬರುತ್ತದೆ. ಮನೆಯಲ್ಲಿ ತಾಯಿಗೆ ‘ಕಲೇ ಶು’ ಎಂದು ಹೇಳಿ ಬಂದವನು, ಹಳದಿ ಪುಸ್ತಕವನ್ನು ಒಳಜೇಬಿನಲ್ಲಿ ಮುಟ್ಟಿ ನೋಡಿಕೊಳ್ಳುತ್ತ, ಬಸ್ ನಿಲ್ದಾಣದ ಬಳಿಯ ಅಂಗಡಿಯವನಿಗೆ ಕನ್ನಡದಲ್ಲಿ ‘ಹೋಗಿ ಬರ್ತೀನಣ್ಣ’ ಎಂದು ಬಸ್ಸು ಹತ್ತುತ್ತಾನೆ.